ಕಿಂಗ್ಸ್ ಹೆಡ್‌ನಲ್ಲಿ ರಾಜರು ಎಷ್ಟು ಜನ? ಬ್ರಿಟನ್ನಿನ ಬೋರ್ಡುಗಳಿಂದ ಅಪಾಸ್ಟ್ರಫಿ ಪಾಠ

ಅಪಾಸ್ಟ್ರಫಿ ಅಂದರೆ ಇಂಗ್ಲಿಷ್ ಪದಗಳಲ್ಲಿ ಅಕ್ಷರದ ಮೇಲ್ತುದಿಗೆ ಹಾಕುವ ಪುಟ್ಟ ಚಿಹ್ನೆ (’). ಅದರ ನಿಯಮ ನಮಗೆಲ್ಲ ಬಾಯಿಪಾಠ. ಆದರೆ ಬ್ರಿಟನ್ನಿನ ಯಾವುದಾದರೂ ಬೀದಿಯ ಫೋಟೊ ಮುಂದಿಟ್ಟುಕೊಂಡು ಬೋರ್ಡುಗಳನ್ನು ಓದಲು ಕೂತರೆ ತಲೆ ಕೆಡುತ್ತದೆ. ಒಂದು ಪಬ್ಬಿನ ಮೇಲೆ ಕಿಂಗ್’ಸ್ ಹೆಡ್ ಅಂತ ಇರುತ್ತದೆ. ಇನ್ನೊಂದು ಊರಿನಲ್ಲಿ ಅದೇ ಹೆಸರು, ಚಿಹ್ನೆ ಮಾತ್ರ ಇಲ್ಲ. ಎರಡರಲ್ಲಿ ಒಂದು ತಪ್ಪು ಅಂತ ಬರೆದುಕೊಂಡು ಮುಂದೆ ಹೋಗುವುದು ಸುಲಭ. ಹಾಗೆ ಮಾಡಬೇಡಿ. ಈ ಬೋರ್ಡುಗಳು ಪಠ್ಯಪುಸ್ತಕಕ್ಕಿಂತ ಜಾಸ್ತಿ ಕಲಿಸುತ್ತವೆ.

ಮೊದಲು ಕಿವಿಯ ವಿಷಯ. ಕಿಂಗ್ಸ್, ಕಿಂಗ್’ಸ್, ಕಿಂಗ್ಸ್’. ಮೂರನ್ನೂ ಜೋರಾಗಿ ಹೇಳಿ ನೋಡಿ. ಒಂದೇ ಸದ್ದು. ಆದರೆ ಮೊದಲನೆಯದು ರಾಜರು, ಎರಡನೆಯದು ರಾಜನ, ಮೂರನೆಯದು ರಾಜರ. ಕನ್ನಡದಲ್ಲಿ ಈ ವ್ಯತ್ಯಾಸ ಬಾಯಲ್ಲೇ ಇದೆ, ಇಂಗ್ಲಿಷಿನಲ್ಲಿ ಬರೀ ಕಾಗದದ ಮೇಲೆ. ಹುಟ್ಟಿನಿಂದ ಇಂಗ್ಲಿಷ್ ಆಡುವವರೂ ಇಲ್ಲಿ ಎಡವುವುದು ಅದಕ್ಕೇ. ಅವರ ಕಿವಿ ಅವರ ನೆರವಿಗೆ ಬರುವುದಿಲ್ಲ.

ನಮ್ಮ ಹತ್ತಿರ ಒಂದು ಒಳ್ಳೆಯ ಉಪಾಯ ಇದೆ. ಬೋರ್ಡನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳಿ. ‘ರಾಜನ’ ಅಂತ ಬಂದರೆ ಚಿಹ್ನೆ ಎಸ್‌ಗಿಂತ ಮುಂಚೆ. ‘ರಾಜರ’ ಅಂತ ಬಂದರೆ ಎಸ್ ಆದಮೇಲೆ. ‘ರಾಜರು’ ಅಂತ ಬಂದರೆ ಚಿಹ್ನೆಯೇ ಬೇಡ. ಒಂದು ಎಚ್ಚರ ಮಾತ್ರ ಇರಲಿ. ನಾವು ಒಬ್ಬರಿಗೇ ಗೌರವ ಕೊಟ್ಟು ‘ರಾಜರ ಕಿರೀಟ’ ಅಂತೀವಿ, ಅಲ್ವಾ? ಆ ‘ರ’ ನಂಬಿದರೆ ಚಿಹ್ನೆ ತಪ್ಪು ಜಾಗಕ್ಕೆ ಹೋಗುತ್ತದೆ. ಆದ್ದರಿಂದ ಗೌರವ ಬದಿಗಿಟ್ಟು ತಲೆ ಎಣಿಸಿ.

ಪಬ್ಬಿನಲ್ಲಿ ಎಣಿಸಲು ಚಿತ್ರವೇ ಇರುತ್ತದೆ. ಹಲವು ಕಿಂಗ್’ಸ್ ಹೆಡ್ ಪಬ್ಬುಗಳ ತೂಗುಫಲಕದಲ್ಲಿ ಎಂಟನೇ ಹೆನ್ರಿಯ ಮುಖ ಇದೆ. ಅಗಲ ಕೆನ್ನೆ, ಗಡ್ಡ, ಗರಿ ಸಿಕ್ಕಿಸಿದ ಟೋಪಿ. ಒಬ್ಬ ರಾಜ, ಒಂದು ತಲೆ. ಹಾಗಾಗಿ ಚಿಹ್ನೆ ಎಸ್‌ಗಿಂತ ಮುಂಚೆ ಬರಬೇಕು. ಕಿಂಗ್ಸ್’ ಹೆಡ್ ಅಂತ ಬರೆದರೆ ಹಲವು ರಾಜರಿಗೆ ಸೇರಿ ಒಂದೇ ತಲೆ ಅಂತಾಗುತ್ತದೆ.

ಹಾಗಾದರೆ ಚಿಹ್ನೆಯೇ ಇಲ್ಲದ ಬೋರ್ಡು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1393ರಲ್ಲಿ ಎರಡನೇ ರಿಚರ್ಡ್ ರಾಜನ ಕಾಲದಲ್ಲಿ, ಏಲ್ ಎಂಬ ಬಿಯರ್ ಮಾರುವವರು ಬಾಗಿಲಿಗೆ ಗುರುತು ತೂಗುಹಾಕಲೇಬೇಕು ಅಂತ ಕಾನೂನು ಬಂತು. ಓದು ಬಲ್ಲವರು ಆಗ ಕಡಿಮೆ. ಹೆಸರು ಬಾಯಲ್ಲಿತ್ತು, ಬೋರ್ಡಿನಲ್ಲಿ ಚಿತ್ರ ಇತ್ತು. ಅಪಾಸ್ಟ್ರಫಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದೇ 16ನೇ ಶತಮಾನದಲ್ಲಿ. ಅದೂ ಬಿಟ್ಟುಹೋದ ಅಕ್ಷರದ ಗುರುತಾಗಿ. ಷಷ್ಠಿ ವಿಭಕ್ತಿಗೆ ಅದನ್ನು ಬಳಸುವುದು ಆಮೇಲೆ ರೂಢಿಯಾಯಿತು. ಬಹುವಚನದಲ್ಲಿ ಎಸ್ ಆದಮೇಲೆ ಹಾಕುವ ನಿಯಮ ಗಟ್ಟಿಯಾಗಲು 18ನೇ ಶತಮಾನದ ಕೊನೆ, 19ನೇ ಶತಮಾನ ಬರಬೇಕಾಯಿತು. ಅಂದರೆ ನಾವು ಇಂದು ಬೋರ್ಡಿಗೆ ಹಿಡಿಯುವ ಅಳತೆಗೋಲು ಎಷ್ಟೋ ಪಬ್ಬುಗಳ ಹೆಸರಿಗಿಂತ ಚಿಕ್ಕ ವಯಸ್ಸಿನದು. ಚಿಹ್ನೆ ಇಲ್ಲದ ಹಳೇ ಹೆಸರನ್ನು ನೋಡಿ ‘ಅಜ್ಞಾನ’ ಅನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಎಣಿಕೆ ಎಷ್ಟು ಮುಖ್ಯ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಪಬ್ ಅಲ್ಲ, ಎರಡು ಕಾಲೇಜು. ಆಕ್ಸ್‌ಫರ್ಡಿನದು ಕ್ವೀನ್’ಸ್ ಕಾಲೇಜು. 1341ರಲ್ಲಿ ಶುರುವಾದಾಗ ಅದಕ್ಕೆ ಹೆಸರು ಕೊಟ್ಟವಳು ಒಬ್ಬಳೇ ರಾಣಿ, ಫಿಲಿಪ್ಪಾ. ಕೇಂಬ್ರಿಜಿನದು ಕ್ವೀನ್ಸ್’ ಕಾಲೇಜು. ಅದಕ್ಕೆ ಇಬ್ಬರು ರಾಣಿಯರ ಆಸರೆ ಇತ್ತು. 1448ರಲ್ಲಿ ಮಾರ್ಗರೆಟ್, ಆಮೇಲೆ ಎಲಿಜಬೆತ್ ವುಡ್‌ವಿಲ್. ಒಂದು ಚುಕ್ಕಿಯಷ್ಟು ಗುರುತು ಒಂದು ಅಕ್ಷರ ಆಚೆ ಸರಿದರೆ ಒಬ್ಬ ರಾಣಿ ಹೆಚ್ಚುತ್ತಾಳೆ.

ಇದೇ ಲೆಕ್ಕವನ್ನು ಬ್ರಿಕ್‌ಲೇಯರ್ಸ್ ಆರ್ಮ್ಸ್ ಅನ್ನುವ ಪಬ್ ಹೆಸರಿಗೆ ಹಾಕಿ ನೋಡಿ. ಇಲ್ಲಿ ಆರ್ಮ್ಸ್ ಅಂದರೆ ತೋಳೂ ಅಲ್ಲ, ಆಯುಧವೂ ಅಲ್ಲ. ಲಾಂಛನ. ಗಾರೆ ಕೆಲಸದವರ ಸಂಘದ ಲಾಂಛನ. ಸಂಘ ಅಂದಮೇಲೆ ಹಲವರು, ಆದ್ದರಿಂದ ಚಿಹ್ನೆ ಎಸ್ ಆದಮೇಲೆ. ಟ್ರಾವೆಲರ್ಸ್ ರೆಸ್ಟ್ ಮಾತ್ರ ನಿಜಕ್ಕೂ ಚರ್ಚೆಯ ಹೆಸರು. ಪ್ರಯಾಣಿಕನ ತಂಗುದಾಣ ಅಂದರೂ ಸರಿ, ಪ್ರಯಾಣಿಕರ ತಂಗುದಾಣ ಅಂದರೂ ಸರಿ. ‘ಪ್ರಯಾಣಿಕರು ದಣಿವಾರಿಸಿಕೊಳ್ಳುತ್ತಾರೆ’ ಅಂತ ಇಡೀ ವಾಕ್ಯವಾಗಿ ಓದಿಕೊಂಡರೆ ಚಿಹ್ನೆ ಇಲ್ಲದೆಯೂ ಸರಿ. ಪರೀಕ್ಷೆಯಲ್ಲಿ ಇದು ಬಂದರೆ ಯಾವ ಅರ್ಥದಲ್ಲಿ ಬರೆದಿರಿ ಅಂತ ಒಂದು ಸಾಲು ಸೇರಿಸಿ.

ಈಗ ಅಂಗಡಿ. ಇಲ್ಲಿ ಹೆಸರು ಹೇಗೆ ಇರಬೇಕು ಅನ್ನುವುದು ಮಾಲೀಕರ ಕೈಲಿದೆ. 1869ರಲ್ಲಿ ಶುರುವಾದ ಸೇನ್ಸ್‌ಬರಿ’ಸ್ ಇಂದಿಗೂ ಚಿಹ್ನೆ ಉಳಿಸಿಕೊಂಡಿದೆ. ಹ್ಯಾರಡ್ಸ್, ಸೆಲ್ಫ್‌ರಿಜಸ್ ಎರಡಕ್ಕೂ ಸ್ಥಾಪಕರ ಹೆಸರೇ ಇದ್ದರೂ ಚಿಹ್ನೆ ಇಲ್ಲ. 1849ರಲ್ಲಿ ನಾಟಿಂಗ್ಯಾಮಿನಲ್ಲಿ ಜಾನ್ ಬೂಟ್ ತೆರೆದ ಗಿಡಮೂಲಿಕೆ ಅಂಗಡಿ ಇಂದು ಬೂಟ್ಸ್. ಅಕ್ಷರಕ್ಕೆ ಅಕ್ಷರ ಓದಿದರೆ ಪಾದರಕ್ಷೆ ಅಂಗಡಿ. ಆದರೂ ಔಷಧಿ ಬೇಕಾದವರು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಲಾಯ್ಡ್ಸ್ ಬ್ಯಾಂಕಿಗೆ ಚಿಹ್ನೆ ಇಲ್ಲ, ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್’ಸ್‌ಗೆ ಇದೆ. ಎರಡಕ್ಕೂ ಸಂಬಂಧ ಇಲ್ಲ. ವಿಮೆಯದು 17ನೇ ಶತಮಾನದ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಿಂದ ಬಂದ ಹೆಸರು. ಬರೆಯುವಾಗ ಒಂದರ ಬದಲು ಇನ್ನೊಂದು ಬಂದರೆ ಸಂಸ್ಥೆಯೇ ಬದಲಾಗಿಬಿಡುತ್ತದೆ.

ದೊಡ್ಡ ಜಗಳ ಎದ್ದದ್ದು 2012ರ ಜನವರಿಯಲ್ಲಿ. ಟಿಮ್ ವಾಟರ್‌ಸ್ಟೋನ್ 1982ರಲ್ಲಿ ಕಟ್ಟಿದ ಪುಸ್ತಕದಂಗಡಿ ವಾಟರ್‌ಸ್ಟೋನ್’ಸ್ ತನ್ನ ಬೋರ್ಡಿನಿಂದ ಅಪಾಸ್ಟ್ರಫಿ ತೆಗೆಯಿತು. ವೆಬ್ ವಿಳಾಸ, ಇಮೇಲ್ ಕಾಲಕ್ಕೆ ಇದೇ ಅನುಕೂಲ ಅಂತ ಕೊಟ್ಟ ಕಾರಣ. ವೆಬ್ ವಿಳಾಸದಲ್ಲಿ ಆ ಚಿಹ್ನೆಗೆ ಜಾಗ ಇಲ್ಲ ಅನ್ನುವುದು ನಿಜ. ಅಂಗಡಿ ಅಷ್ಟರಲ್ಲಿ ಆ ಮನುಷ್ಯನ ಕೈಬಿಟ್ಟು ಎಷ್ಟೋ ವರ್ಷ ಆಗಿತ್ತು. ‘ವಾಟರ್‌ಸ್ಟೋನ್ ಅವರ’ ಅನ್ನುವ ಅರ್ಥ ಉಳಿದಿರಲಿಲ್ಲ. ಆದರೂ ಪುಸ್ತಕ ಮಾರುವವರೇ ಹೀಗೆ ಮಾಡಿದರಲ್ಲ ಅಂತ ಬಹಳ ಜನ ನೊಂದರು. ಅಪಾಸ್ಟ್ರಫಿ ಉಳಿಸಲೆಂದೇ 2001ರಲ್ಲಿ ಸಂಘ ಕಟ್ಟಿದ್ದ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ ಕೂಡ ವಿರೋಧಿಸಿದರು. 2019ರಲ್ಲಿ, 96ನೇ ವಯಸ್ಸಿನಲ್ಲಿ, ಅವರು ಸಂಘ ಮುಚ್ಚುವುದಾಗಿ ಹೇಳಿದರು. ಆಮೇಲೆ ಬೇರೆಯವರು ಅದನ್ನು ಮತ್ತೆ ನಡೆಸತೊಡಗಿದರು. ನನ್ನ ಮಟ್ಟಿಗೆ, ಹೆಸರಿನಲ್ಲಿ ಮಾಲೀಕರ ಮಾತೇ ಕೊನೆ. ಅವರು ಬರೆದಂತೆ ನಾವೂ ಬರೆಯಬೇಕು.

ಹೆಸರಲ್ಲದ ಕಡೆ ಈ ಸಡಿಲಿಕೆ ಬೇಡ. ಟೊಮ್ಯಾಟೊ’ಸ್, ಬನಾನಾ’ಸ್ ಅಂತ ಹಲಗೆಯ ಮೇಲೆ ಬರೆದರೆ ಅದು ಸುಮ್ನೆ ತಪ್ಪು. ‘ಗಳು’ ಬರುವ ಕಡೆ ಚಿಹ್ನೆ ಇಲ್ಲ, ಮುಗಿಯಿತು. ಬ್ರಿಟನ್ನಿನಲ್ಲಿ ಇದಕ್ಕೆ ತರಕಾರಿ ಅಂಗಡಿಯವರ ಅಪಾಸ್ಟ್ರಫಿ ಅಂತಲೇ ಹೆಸರಿದೆ. (ಆ ಹೆಸರಿನಲ್ಲಿ ಅಂಗಡಿಯವನ ಅನ್ನಬೇಕೋ ಅಂಗಡಿಯವರ ಅನ್ನಬೇಕೋ, ಅದನ್ನೂ ಎರಡು ರೀತಿ ಬರೆಯುತ್ತಾರೆ.) ಈ ತಪ್ಪಿಗೂ ಒಂದು ಹಳೇ ಬೇರು ಇದೆ. ಸ್ವರದಲ್ಲಿ ಮುಗಿಯುವ ಹೊರಗಿನ ಪದಗಳಿಗೆ ಹಿಂದೆ ಬರಹಗಾರರೇ ಒಪೆರಾ’ಸ್, ಫೋಲಿಯೋ’ಸ್ ಅಂತ ಬಹುವಚನ ಮಾಡುತ್ತಿದ್ದರು. ಟೊಮ್ಯಾಟೊ, ಬನಾನಾ ಎರಡೂ ಸ್ವರದಲ್ಲೇ ಮುಗಿಯುತ್ತವೆ, ನೋಡಿ. ಗ್ಯಾರೇಜುಗಳ ಎಂಒಟಿ’ಸ್ ಕೂಡ ಇಂಥದ್ದೇ. ಅದು ವಾಹನದ ವಾರ್ಷಿಕ ತಪಾಸಣೆ. ಸಂಕ್ಷೇಪಗಳಿಗೆ ಹೀಗೆ ಬರೆಯುವುದು ಹಳೇ ರೂಢಿ, ಈಗ ಬಿಟ್ಟುಹೋಗುತ್ತಿದೆ. ನೀವು ಬರೆಯುವಾಗ ಚಿಹ್ನೆ ಬಿಡಿ.

ಉದ್ಧರಣ ಚಿಹ್ನೆ ಬಗ್ಗೆ ಒಂದೇ ಮಾತು. ಒತ್ತು ಕೊಡಲು “ತಾಜಾ” ಮೀನು ಅಂತ ಬರೆದರೆ ಓದುವವರಿಗೆ ಅನುಮಾನ ಹುಟ್ಟುತ್ತದೆ. ಒತ್ತು ಬೇಕಾದರೆ ಅಕ್ಷರ ದಪ್ಪ ಮಾಡಿ.

ಕೊನೆಯದು ಫಿಶ್ ಅಂಡ್ ಚಿಪ್ಸ್ ಅಂಗಡಿ. ಮಧ್ಯದ ‘ಅಂಡ್’ ಪದ ಇಂಗ್ಲಿಷಿನಲ್ಲಿ ಮೂರು ಅಕ್ಷರ: ಎ, ಎನ್, ಡಿ. ಬೋರ್ಡಿನಲ್ಲಿ ಬರೀ ಎನ್ ಇರುತ್ತದೆ. ಮುಂದೆ ಎ ಬಿಟ್ಟುಹೋಗಿದೆ, ಹಿಂದೆ ಡಿ ಬಿಟ್ಟುಹೋಗಿದೆ. ಆದ್ದರಿಂದ ಎರಡು ಅಪಾಸ್ಟ್ರಫಿ ಬೇಕು, ಆಚೆ ಒಂದು, ಈಚೆ ಒಂದು. ಎಷ್ಟೋ ಬೋರ್ಡುಗಳಲ್ಲಿ ಒಂದೇ ಇರುತ್ತದೆ. ಎರಡೂ ಇರುವ ಕಡೆ ಹತ್ತಿರದಿಂದ ನೋಡಿ. ಅಪಾಸ್ಟ್ರಫಿಯ ಆಕಾರ ಇಂಗ್ಲಿಷ್ ಅಂಕಿ 9ರ ಹಾಗೆ, ತಲೆ ಮೇಲೆ, ಬಾಲ ಕೆಳಗೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದಾಗ ಪದದ ಮೊದಲಿಗೆ ಬರುವ ಗುರುತನ್ನು ಅದು ಉದ್ಧರಣ ಚಿಹ್ನೆ ಅಂದುಕೊಂಡು 6ರ ಆಕಾರಕ್ಕೆ ತಿರುಗಿಸಿಬಿಡುತ್ತದೆ. ಕೈಯಲ್ಲಿ ಬರೆದ ಹಳೇ ಬೋರ್ಡುಗಳಿಗೆ ಈ ಕಾಟ ಇಲ್ಲ. ಟೈಪ್ ಮಾಡುವಾಗ ಅಲ್ಲಿ ಎರಡು ಸಲ ಅಪಾಸ್ಟ್ರಫಿ ಒತ್ತಿ, ಮೊದಲನೆಯದನ್ನು ಅಳಿಸಿ. ಉಳಿಯುವುದು 9ರ ಆಕಾರದ್ದು.