ಹೋದ ವರ್ಷ ತಾನೇ ಫ್ಲೂ ಇಂಜೆಕ್ಷನ್ ಹಾಕಿಸಿದ್ವಿ, ಮತ್ತೆ ಯಾಕೆ?

ಬೆಂಗಳೂರಲ್ಲಿ ಮಳೆ ಹಿಡಿಯುವ ಮುಂಚೆ ಪ್ರತಿ ವರ್ಷ ಇದೇ ಪ್ರಶ್ನೆ. "ದಡಾರಕ್ಕೆ ಹೀಗೆ ವರ್ಷವರ್ಷ ಹಾಕಲ್ವಲ್ಲ ಡಾಕ್ಟ್ರೇ?" ಹೇಳಿ ಹೇಳಿ ಸಾಕಾಗಿದೆ, ಇವತ್ತು ಬರೆದೇ ಬಿಡುತ್ತೇನೆ.

ದಡಾರದ ವೈರಸ್ಸಿನ ಹೊರಮೈ ಹೆಚ್ಚುಕಮ್ಮಿ ಹಾಗೇ ಇದೆ. ಫ್ಲೂ ವೈರಸ್ ಹಾಗಲ್ಲ. ತನ್ನ ನಕಲು ಮಾಡುವಾಗ ತಪ್ಪು ಮಾಡುತ್ತದೆ, ತಿದ್ದಿಕೊಳ್ಳುವುದಿಲ್ಲ. ಹೀಗೆ ಹೊರಮೈ ಬದಲಾದರೆ ಮಗುವಿನ ದೇಹಕ್ಕೆ ಗುರುತು ಸಿಗುವುದು ಕಷ್ಟ. ಹಾಕಿಸಿದ ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ. ಉತ್ತರ ಇಷ್ಟೇ.

ಆದರೂ ಒಂದು ಮಾತು ಮಾತ್ರ ಹೋಗುತ್ತಲೇ ಇಲ್ಲ: "ಔಷಧಿ ಅದೇ, ಲೇಬಲ್ ಬದಲಿಸಿ ಮಾರುತ್ತಾರೆ." ಸುಮ್ನೆ ನಂಬಬೇಡಿ, ಡಬ್ಬಿ ಕೈಗೆ ತಗೊಂಡು ಓದಿ. ಸಣ್ಣ ಅಕ್ಷರದಲ್ಲಿ ಊರು, ದೇಶಗಳ ಹೆಸರಿರುತ್ತದೆ. ಎ/ಡಾರ್ವಿನ್/9/2021 ಅಂದರೆ ಎ ಗುಂಪಿನ ವೈರಸ್, ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಸಿಕ್ಕಿದ್ದು, ಸ್ಯಾಂಪಲ್ ನಂಬರ್ 9, ಇಸವಿ 2021. ದಕ್ಷಿಣ ಗೋಳಾರ್ಧಕ್ಕೆಂದು ಮಾಡಿದ 2023ರ ಲಸಿಕೆಯಲ್ಲಿ ಎಚ್3ಎನ್2 (ಎ ಗುಂಪಿನದೇ ಒಂದು ಬಗೆ) ಅಂತ ಇದ್ದದ್ದು ಇದೇ. 2024ಕ್ಕೆ ಥಾಯ್ಲೆಂಡಿನದು ಬಂತು, 2025ಕ್ಕೆ ಕ್ರೊಯೇಷಿಯಾದ್ದು. ಬಿ ಗುಂಪಿನ ವಿಕ್ಟೋರಿಯಾ ಅನ್ನುವ ವಂಶದ್ದು ಮಾತ್ರ ಮೂರೂ ವರ್ಷ ಆಸ್ಟ್ರಿಯಾದ್ದೇ. ಹೆಚ್ಚು ಬದಲಾಗಿರಲಿಲ್ಲ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಇನ್ನೊಂದು ವಿಷಯ ಕೇಳಿ. ಬಿ ಗುಂಪಿನ ಇನ್ನೊಂದು ವಂಶ ಯಮಗಾಟ 2020ರ ಮಾರ್ಚ್ ಆದಮೇಲೆ ಎಲ್ಲೂ ಖಚಿತವಾಗಿ ಕಂಡಿಲ್ಲ. ಅದನ್ನು ಲಸಿಕೆಯಲ್ಲಿ ಹಾಕುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಬರೀ ವ್ಯಾಪಾರವಾಗಿದ್ದರೆ ಲಸಿಕೆಯಲ್ಲಿ ನಾಲ್ಕು ವೈರಸ್ ಇದ್ದದ್ದನ್ನು ಮೂರಕ್ಕೆ ಇಳಿಸಿ ಅನ್ನುತ್ತಿದ್ದರಾ?

ಸರಿ, ಈ ಬದಲಾವಣೆ ಗೊತ್ತಾಗುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಹೇಳಲು ತುಂಬಾ ಇಷ್ಟ. ಮಕ್ಕಳ ಮೂಗಿನಿಂದ! ದೊಡ್ಡವರಿಗಿಂತ ಮಕ್ಕಳು ಜಾಸ್ತಿ ದಿನ ವೈರಸ್ ಹರಡುತ್ತಾರೆ. ತರಗತಿಯಲ್ಲಿ ಒಬ್ಬರಿಗೆ ಬಂದರೆ ವಾರದಲ್ಲಿ ಅರ್ಧ ಬೆಂಚು ಖಾಲಿ. ಮೂಗಿನಿಂದ ತೆಗೆದ ಸ್ಯಾಂಪಲ್ ಗುಲಾಬಿ ಬಣ್ಣದ ದ್ರವವಿರುವ ಪುಟ್ಟ ಟ್ಯೂಬಿಗೆ ಹೋಗುತ್ತದೆ. ಐಸ್ ಡಬ್ಬಿಯಲ್ಲಿ ಲ್ಯಾಬ್ ಸೇರುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕಡೆ ವೈರಸ್ಸಿನ ಜೀನ್ ಓದುತ್ತಾರೆ. ಹೀಗೆ ಬೇರೆ ಬೇರೆ ದೇಶಗಳಿಂದ ಬಂದ ಮಾಹಿತಿ ಇಟ್ಟುಕೊಂಡು ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಮುಂದಿನ ಲಸಿಕೆಗೆ ಯಾವ ವೈರಸ್ ಎಂದು ತೀರ್ಮಾನಿಸುತ್ತಾರೆ.

ನಿಮ್ಮ ಮಗುವಿನ ಸ್ಯಾಂಪಲ್ ಕೇಳಿದರೆ ಹೆದರಬೇಡಿ. ತೆಳ್ಳನೆ ಕಡ್ಡಿ ಮೂಗಿನೊಳಗೆ ಹೋಗಿ ತಿರುಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಒಂದು ಸೀನು. ಮುಗಿಯಿತು.