ವಕೀಲರಲ್ಲದವರು ಇಂಗ್ಲೆಂಡಿನ ಯುವ ಅಪರಾಧಿಗಳ ಪ್ಯಾನೆಲ್‌ಗೆ ಸೇರಬಹುದೇ?

ಪ್ರಶ್ನೆ: ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಂಗ್ಲೆಂಡಿಗೆ ಬಂದು ಮೂರು ವರ್ಷವಾಯಿತು. ತಪ್ಪು ಮಾಡಿದ ಮಕ್ಕಳನ್ನು ಎದುರು ಕೂರಿಸಿಕೊಂಡು ಮಾತಾಡುವ ಪ್ಯಾನೆಲ್‌ಗೆ ಸ್ವಯಂಸೇವಕರು ಬೇಕೆಂದು ನಮ್ಮ ಕೌನ್ಸಿಲ್ ಪ್ರಕಟಣೆ ಹಾಕಿದೆ. ನಾನು ಕಾನೂನು ಓದಿದವನಲ್ಲ. ಅರ್ಜಿ ಹಾಕಬಹುದೇ? ಅಲ್ಲಿ ನಾನು ಮಾಡಬೇಕಾದ್ದೇನು?

ಉತ್ತರ: ಧಾರಾಳವಾಗಿ ಹಾಕಬಹುದು. ವಕೀಲರಲ್ಲದ ಊರಿನವರೇ ಬೇಕು ಎಂದು ಈ ಪ್ಯಾನೆಲನ್ನು ಕಟ್ಟಿದ್ದಾರೆ. 1999ರ ಕಾಯ್ದೆಯೊಂದರಲ್ಲಿ ಹುಟ್ಟಿ, 2002ರಿಂದ ಇಂಗ್ಲೆಂಡ್ ಮತ್ತು ವೇಲ್ಸ್ ತುಂಬ ಜಾರಿಯಲ್ಲಿರುವ ‘ರೆಫರಲ್ ಆರ್ಡರ್’ ಎಂಬ ಶಿಕ್ಷೆಯ ಭಾಗ ಇದು. 10ರಿಂದ 17 ವರ್ಷದ ಹುಡುಗ ಅಥವಾ ಹುಡುಗಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಾಗ, ನ್ಯಾಯಾಲಯ 3ರಿಂದ 12 ತಿಂಗಳವರೆಗಿನ ಅವಧಿ ಗೊತ್ತುಮಾಡಿ ಪ್ರಕರಣವನ್ನು ಪ್ಯಾನೆಲ್‌ಗೆ ಕಳಿಸುತ್ತದೆ. ಪ್ಯಾನೆಲ್‌ನಲ್ಲಿ ಕಡಿಮೆಯೆಂದರೆ ಮೂವರು: ತಪ್ಪು ಮಾಡಿದ ಮಕ್ಕಳ ಜೊತೆ ಕೆಲಸ ಮಾಡುವ ಸ್ಥಳೀಯ ‘ಯೂತ್ ಜಸ್ಟಿಸ್’ ತಂಡದ ಒಬ್ಬ ಉದ್ಯೋಗಿ, ಊರಿನ ಇಬ್ಬರು ಸ್ವಯಂಸೇವಕರು. ಸಭೆ ನಡೆಸುವ ಹೊಣೆ ಸ್ವಯಂಸೇವಕರಲ್ಲಿ ಒಬ್ಬರದು.

ನಮ್ಮ ಕಡೆಯವರು ಇದನ್ನು ಕಟ್ಟೆ ಪಂಚಾಯ್ತಿಗೆ ಹೋಲಿಸುವುದುಂಟು. ಗುಂಡಾಗಿ ಕೂತು ಮಾತಾಡುವುದರಲ್ಲಿ ಹೋಲಿಕೆಯಿದೆ, ಅಷ್ಟೇ. ತಪ್ಪು ಯಾರದೆಂದು ಇಲ್ಲಿ ಯಾರೂ ತೀರ್ಮಾನಿಸುವುದಿಲ್ಲ. ಅದು ಕೋರ್ಟಿನಲ್ಲೇ ಮುಗಿದ ಮಾತು. ದಂಡ ಹಾಕುವ ಅಧಿಕಾರವೂ ಪ್ಯಾನೆಲ್‌ಗಿಲ್ಲ. ಆದ ಹಾನಿಯನ್ನು ಹೇಗೆ ಸರಿಪಡಿಸುವುದು, ಇನ್ನೊಮ್ಮೆ ಆಗದಂತೆ ಏನು ಮಾಡುವುದು, ಈ ಎರಡಕ್ಕೆ ಆ ಮಗುವಿನ ಜೊತೆ ಕೂತು ಒಂದು ಒಪ್ಪಂದ ಬರೆಯುವುದೇ ಕೆಲಸ.

ಮೊದಲು ಕಾಗದಪತ್ರದ ವಿಚಾರ. ವಯಸ್ಸು 18 ದಾಟಿರಬೇಕು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ. ವಿದ್ಯಾರ್ಥಿ ವೀಸಾದವರು ಮಾತ್ರ ಅರ್ಜಿಗೆ ಮುಂಚೆ ತಮ್ಮ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಬಗೆಯ ಸ್ವಯಂಸೇವೆ ಅವರ ಕೆಲಸದ ಗಂಟೆಗಳ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳ ಜೊತೆಗಿನ ಕೆಲಸವಾದ್ದರಿಂದ ‘ಎನ್‌ಹಾನ್ಸ್‌ಡ್ ಡಿಬಿಎಸ್’ ತಪಾಸಣೆ, ಅಂದರೆ ನಿಮ್ಮ ಮೇಲೆ ಅಪರಾಧದ ದಾಖಲೆ ಇದೆಯೇ ಎಂದು ಸರ್ಕಾರಿ ಸಂಸ್ಥೆ ನೋಡುವುದು, ಇದ್ದೇ ಇರುತ್ತದೆ. ಸ್ವಯಂಸೇವಕರಿಗೆ ಡಿಬಿಎಸ್ ಶುಲ್ಕ ಇಲ್ಲ. ಕಳೆದ 5 ವರ್ಷ ಎಲ್ಲೆಲ್ಲಿ ವಾಸವಿದ್ದಿರೋ ಅಷ್ಟೂ ವಿಳಾಸವನ್ನು ತಾರೀಖು ಬಿಟ್ಟುಹೋಗದಂತೆ ಕೊಡಬೇಕು. ಹೊಸದಾಗಿ ಬಂದವರ ಅರ್ಜಿ ಸಿಕ್ಕಿಕೊಳ್ಳುವುದು ಇಲ್ಲೇ. ಬೆಂಗಳೂರಿನ ಪಿಜಿ, ಹುಬ್ಬಳ್ಳಿಯ ಮನೆ, ಇಲ್ಲಿಗೆ ಬಂದ ಮೇಲೆ ಒಂದು ತಿಂಗಳು ಗೆಳೆಯನ ಕೋಣೆ, ಯಾವುದನ್ನೂ ಬಿಡಬೇಡಿ. ಡಿಬಿಎಸ್‌ಗೆ ಹೊರದೇಶದ ಪೊಲೀಸ್ ದಾಖಲೆ ನೋಡಲು ಸಾಧ್ಯವಿಲ್ಲ. ಹಾಗಾಗಿ ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಬಹುದು. ಬೇಕಾಗುತ್ತದೆಯೇ ಎಂದು ಅರ್ಜಿ ಹಾಕುವಾಗಲೇ ವಿಚಾರಿಸಿ. ಹಳೆಯ ಶಿಕ್ಷೆಯೊಂದು ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಮುಚ್ಚಿಟ್ಟರೆ ಮಾತ್ರ ಮುಚ್ಚುತ್ತದೆ.

ಸಂದರ್ಶನ, ತರಬೇತಿ ಮುಗಿಸಿ, ಒಂದೆರಡು ಪ್ಯಾನೆಲ್‌ಗಳಲ್ಲಿ ಸುಮ್ಮನೆ ಕೂತು ನೋಡಿದ ಮೇಲೆ ನಿಮ್ಮ ಸರದಿ. ಸಭೆಗಳು ಹೆಚ್ಚಾಗಿ ಶಾಲೆ ಬಿಟ್ಟ ಮೇಲೆ, ಸಂಜೆ. ಪ್ರಯಾಣದ ಖರ್ಚು ಕೊಡುತ್ತಾರೆ.

ಕೋರ್ಟಿನ ಆದೇಶವಾದ 20 ಕೆಲಸದ ದಿನಗಳೊಳಗೆ ಮೊದಲ ಸಭೆ ಸೇರಬೇಕೆಂಬುದು ರೂಢಿಯ ಗಡುವು. ಹಾನಿಗೊಳಗಾದವರನ್ನು ಸಂಪರ್ಕಿಸಿ ಸಿದ್ಧಪಡಿಸಲು ಈ ಅವಧಿ ಸಾಲದೆ, ಅವರಿಲ್ಲದೆ ಸಭೆ ನಡೆದುಹೋಗುವುದು ಈ ವ್ಯವಸ್ಥೆಯ ಹಳೆಯ ದೌರ್ಬಲ್ಯ. ಅವರು ಬರಲೇಬೇಕೆಂದಿಲ್ಲ; ಪತ್ರ ಕಳಿಸಬಹುದು, ತಮ್ಮ ಮಾತನ್ನು ಸಿಬ್ಬಂದಿಯ ಮೂಲಕ ಮುಟ್ಟಿಸಬಹುದು. ಸಭೆಗೆ ಮುಂಚೆ ಮಗುವಿನ ಬಗ್ಗೆ ಸಿಬ್ಬಂದಿ ಬರೆದ ವರದಿ ಕೈಗೆ ಬಂದಾಗ ನೀವು ಅವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: “ಹಾನಿಗೊಳಗಾದವರನ್ನು ಮಾತಾಡಿಸಿದ್ದೀರಾ? ಅವರಿಗೆ ಏನು ಬೇಕಂತೆ?” ಹುಡುಗನ ಅಥವಾ ಅವನ ಮನೆಯವರ ಪರಿಚಯವಿದ್ದರೆ ಅಂದೇ ಹೇಳಿ ಹಿಂದೆ ಸರಿಯಿರಿ. ವರದಿಯನ್ನು ಓದಿ ವಾಪಸ್ ಕೊಡಬೇಕು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಸಭೆಯಲ್ಲಿ ಕೇಳುವುದು ನಾಲ್ಕೈದು ಪ್ರಶ್ನೆ. ಏನಾಯಿತು? ಆಗ ನಿನ್ನ ತಲೆಯಲ್ಲಿ ಏನಿತ್ತು? ಇದರಿಂದ ಯಾರ್ಯಾರಿಗೆ ತೊಂದರೆಯಾಯಿತು? ಈಗ ಏನು ಮಾಡಿದರೆ ಸರಿಹೋದೀತು? “ಯಾಕೆ ಮಾಡಿದೆ?” ಎಂದು ಮಾತ್ರ ಕೇಳಬೇಡಿ. ಹದಿಮೂರರ ಹುಡುಗನಿಗೆ ಅದು ಬೈಗುಳದಂತೆ ಕೇಳಿಸುತ್ತದೆ, “ಗೊತ್ತಿಲ್ಲ” ಎಂಬ ಉತ್ತರ ಬರುತ್ತದೆ, ಆಮೇಲೆ ಅರ್ಧ ಗಂಟೆ ಅವನ ಬಾಯಿಂದ ಇನ್ನೇನೂ ಹೊರಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಉಪದೇಶ. ಮನೆಯ ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವುದನ್ನು ಕಂಡು ಬೆಳೆದ ನಮಗೆ ಇದು ನಾಲಿಗೆ ತುದಿಯಲ್ಲೇ ಇರುತ್ತದೆ. ಮೂವರು ದೊಡ್ಡವರು ಸಾಲಾಗಿ ಬುದ್ಧಿ ಹೇಳತೊಡಗಿದರೆ ಹುಡುಗ ನೆಲ ನೋಡುತ್ತಾನೆ, ತಾಯಿ ಅಳುತ್ತಾಳೆ, ಹಾನಿಗೊಳಗಾದವರು ಬಂದಿದ್ದರೆ ತಾವೇಕೆ ಬಂದೆವೋ ಎನ್ನುತ್ತಾರೆ. ಕೇಳಿದ ಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರುವುದು ಸಾಮಾನ್ಯವಾಗಿ ಆ ಮೌನ ಸಹಿಸಲಾಗದೆಯೇ. ಮಗು 16ಕ್ಕಿಂತ ಚಿಕ್ಕದಾದರೆ ಪೋಷಕರಲ್ಲೊಬ್ಬರು ಜೊತೆಗಿರಲೇಬೇಕು, ಆದರೆ ಉತ್ತರವನ್ನು ಅವರು ಕಸಿದುಕೊಳ್ಳದಂತೆ ನೋಡಿಕೊಳ್ಳಿ.

ಕೊನೆಗೆ ಒಪ್ಪಂದ. ನೀವು ಮಾಡಿದ ಕೆಲಸದ ಗುಣ ಗೊತ್ತಾಗುವುದು ಇದರಲ್ಲೇ. “ಚೆನ್ನಾಗಿ ನಡೆದುಕೊಳ್ಳುತ್ತೇನೆ” ಎಂಬುದು ಒಪ್ಪಂದವಲ್ಲ. ಪಾಲಿಸಿದನೋ ಇಲ್ಲವೋ ಎಂದು ಯಾರೂ ಅಳೆಯಲಾಗದು. “ಶನಿವಾರ 10ರಿಂದ 12ರವರೆಗೆ, ಆರು ವಾರ, ಸಿಬ್ಬಂದಿಯ ಜೊತೆ ಪಾರ್ಕಿನ ಬೇಲಿ ಬಣ್ಣ ಹಚ್ಚುವುದು” ಎಂದರೆ ಲೆಕ್ಕ ಸಿಗುತ್ತದೆ. ಮಾಡಿದ ತಪ್ಪಿಗೂ ಕೆಲಸಕ್ಕೂ ನಂಟಿರಲಿ: ಗೋಡೆಗೆ ಮಸಿ ಬಳಿದವನು ಗೋಡೆ ತೊಳೆಯಲಿ. ಸ್ವಯಂಸೇವಕರ ಉತ್ಸಾಹಕ್ಕೆ ಹತ್ತು ಷರತ್ತು ತುಂಬಿದರೆ ನಾಲ್ಕನೆಯದರಲ್ಲೇ ಮುರಿದುಬೀಳುತ್ತದೆ. ಹಾನಿಗೊಳಗಾದವರಿಗೆ ಸಂಬಂಧಿಸಿದ ಯಾವುದೇ ಷರತ್ತಿಗೆ, ಒಂದು ಕ್ಷಮಾಪತ್ರಕ್ಕೂ, ಅವರ ಒಪ್ಪಿಗೆ ಬೇಕು. ಬೇಡವೆಂದವರ ಬಾಗಿಲಿಗೆ ಪತ್ರ ತಲುಪಿಸುವುದು ಎರಡನೇ ಗಾಯ. ಒತ್ತಾಯದ ಕ್ಷಮೆಯಂತೂ ಎದುರು ಕೂತವರಿಗೆ ಕೂಡಲೇ ತಿಳಿಯುತ್ತದೆ. ಎಲೆಕ್ಟ್ರಾನಿಕ್ ಟ್ಯಾಗ್ ಹಾಕುವುದನ್ನು, ಓಡಾಟಕ್ಕೆ ದೈಹಿಕ ನಿರ್ಬಂಧ ಹೇರುವುದನ್ನು ಒಪ್ಪಂದದಲ್ಲಿ ಸೇರಿಸಲು ಕಾನೂನೇ ಬಿಡುವುದಿಲ್ಲ.

ಆದೇಶದ ಅವಧಿ ಎಣಿಕೆಯಾಗುವುದು ಒಪ್ಪಂದಕ್ಕೆ ಸಹಿ ಬಿದ್ದ ದಿನದಿಂದ. ಸಹಿಗೆ ಕಾರಣವಿಲ್ಲದೆ ನಿರಾಕರಿಸಿದರೆ, ಅಥವಾ ಒಪ್ಪಿದ್ದನ್ನು ಪದೇಪದೇ ಮುರಿದರೆ, ಪ್ರಕರಣ ಮತ್ತೆ ಕೋರ್ಟಿಗೆ. ನಡುನಡುವೆ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಪರಿಶೀಲನಾ ಸಭೆ ಇರುತ್ತದೆ. ಆಗಲೂ ಅದೇ ಸ್ವಯಂಸೇವಕರು ಬಂದರೆ ಮಗು ಹಳೆಯ ಕತೆಯನ್ನು ಮೊದಲಿಂದ ಹೇಳಬೇಕಾಗುವುದಿಲ್ಲ. ವರ್ಷವಾದರೂ ಜೊತೆಗಿರಬಲ್ಲೆ ಎಂದು ಖಾತ್ರಿಯಿದ್ದರೆ ಮಾತ್ರ ಅರ್ಜಿ ಹಾಕಿ ಎನ್ನುವುದು ಅದಕ್ಕೇ. ಆದೇಶ ಮುಗಿದರೆ ಆ ಶಿಕ್ಷೆ ಕಾನೂನಿನ ಕಣ್ಣಿಗೆ ‘ತೀರಿದ್ದು’, ಅಂದರೆ ಸಾಮಾನ್ಯವಾಗಿ ಅದನ್ನು ಮುಂದೆ ಯಾರಿಗೂ ಹೇಳಿಕೊಳ್ಳಬೇಕಾಗಿಲ್ಲ. ಮೊದಲ ಸಭೆಯಲ್ಲೇ ಇದನ್ನು ಹುಡುಗನಿಗೆ ಸರಳವಾಗಿ ಹೇಳಿ, ಅಲ್ಲಿಯವರೆಗೆ ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳದೆ ಇದ್ದಿರಬಹುದು.

ಇನ್ನೊಂದು ಮಾತು. ಎಂದಾದರೂ ಕನ್ನಡದ ಮನೆಯ ಮಗುವೇ ಎದುರು ಕೂತು, ತಾಯಿಗೆ ಇಂಗ್ಲಿಷ್ ಬಾರದೆ ಹೋದರೆ, ಅನುವಾದಕ್ಕೆ ನೀವು ನಿಲ್ಲಬೇಡಿ. ಪ್ಯಾನೆಲ್ ಸದಸ್ಯರೇ ದುಭಾಷಿಯಾದರೆ ಅವರ ಅಭಿಪ್ರಾಯ ಯಾವುದು, ತಾಯಿಯ ಮಾತು ಯಾವುದು ಎಂದು ಬೇರ್ಪಡಿಸಲಾಗದು. ದುಭಾಷಿಯನ್ನು ಕರೆಸಿ ಎಂದು ಸಿಬ್ಬಂದಿಗೆ ಮುಂಚೆಯೇ ತಿಳಿಸಿ.