ಅಂಗೈಯಿಂದ ಕೊರೆದ ಬಾವಿ

ಬೋರ್‌ವೆಲ್ ಅಂದ ಕೂಡಲೇ ಲಾರಿ ಮೇಲಿನ ರಿಗ್ಗು, ಕಿವಿಗಡಚಿಕ್ಕುವ ಸದ್ದು, ಮೇಲೇಳುವ ಧೂಳು ನೆನಪಾಗುತ್ತದೆ. ಆದರೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಎಂಜಿನ್ನೇ ಇಲ್ಲದೆ ಕೊರೆದಿದ್ದಾರೆ. ಒಂದಷ್ಟು ಬಿದಿರು, ಕಬ್ಬಿಣದ ಪೈಪು, ಮೂರ್ನಾಲ್ಕು ಜನ, ಅವರಲ್ಲೊಬ್ಬನ ಅಂಗೈ. ಅಷ್ಟೇ ಸಾಮಾನು. ಆ ಅಂಗೈ ಮಾಡುವ ಕೆಲಸ ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ.

ನೀರು ತುಂಬಿದ ಸಣ್ಣ ಗುಂಡಿಯಲ್ಲಿ ಪೈಪನ್ನು ನೆಟ್ಟಗೆ ನಿಲ್ಲಿಸಿ, ಬಿದಿರಿನ ಸನ್ನೆಗೆ ಕಟ್ಟುತ್ತಾರೆ. ಸನ್ನೆ ಒತ್ತಿದರೆ ಪೈಪು ಮೇಲೇಳುತ್ತದೆ. ಆಗ ಅಟ್ಟಣಿಗೆ ಮೇಲೆ ಕೂತವನು ಅದರ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚುತ್ತಾನೆ. ಪೈಪು ಬೀಳುವಾಗ ಕೈ ಬಿಡುತ್ತಾನೆ. ಪಚಕ್ ಅಂತ ಕೆಸರು ಚಿಮ್ಮುತ್ತದೆ!

ಸ್ಟ್ರಾದ ತುದಿಗೆ ಬೆರಳು ಒತ್ತಿ ಎತ್ತಿದರೆ ಒಳಗಿನ ನೀರು ಬೀಳುವುದಿಲ್ಲ, ಅಲ್ವಾ? ಇಲ್ಲೂ ಹಾಗೇ, ಪೈಪಿನ ಜೊತೆ ನೀರಿನ ಕಂಬವೂ ಮೇಲೇರುತ್ತದೆ. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ವಾಲುತ್ತೇವಲ್ಲ, ಹಾಗೆ ಪೈಪು ಕೆಳಗಿಳಿದರೂ ನೀರು ಮೇಲಕ್ಕೇ ನುಗ್ಗುತ್ತದೆ. ಎತ್ತಿದ ಬಕೆಟ್ಟನ್ನು ತಟಕ್ಕನೆ ಇಳಿಸಿದರೆ ತುಳುಕುವುದೂ ಇದರಿಂದಲೇ. ನೀರಿನ ಜೊತೆ ಮರಳು, ಮಣ್ಣು ಹೊರಬರುತ್ತವೆ. ಪೈಪಿನ ತುದಿ ಅಷ್ಟಷ್ಟೇ ಆಳಕ್ಕಿಳಿಯುತ್ತದೆ. ಗುಂಡಿಯ ನೀರಿಗೆ ಸಗಣಿ ಕದಡುವುದೂ ಸುಮ್ನೆ ಅಲ್ಲ. ಅದು ಮರಳಿನ ಸಂದುಗಳನ್ನು ಮುಚ್ಚಿ, ಗೋಡೆ ಕುಸಿಯದಂತೆ ಹಿಡಿಯುತ್ತದೆ. ಸಗಣಿ ಸೇರಿರುವುದರಿಂದ ಕುಡಿಯುವ ಮುಂಚೆ ಬಾವಿಯನ್ನು ಚೆನ್ನಾಗಿ ತೊಳೆದು ಕ್ಲೋರಿನ್ ಹಾಕಲೇಬೇಕು.

ಈ ಉಪಾಯ ಮೆತ್ತನೆ ಮಣ್ಣಿಗೆ ಮಾತ್ರ. ಬಂಡೆಯನ್ನು ಕುಟ್ಟಿಯೇ ಒಡೆಯಬೇಕು. ಅದನ್ನೂ ಜನ ಎಂಜಿನ್ನಿಲ್ಲದೆ ಮಾಡಿದ್ದಾರೆ. ಚೀನಾದ ಜಿಗಾಂಗ್‌ನಲ್ಲಿ ಉಪ್ಪುನೀರಿಗಾಗಿ ಬಿದಿರಿನ ಹಗ್ಗಕ್ಕೆ ಕಬ್ಬಿಣದ ಉಳಿ ಕಟ್ಟಿ, ಹಲಗೆ ತುಳಿದು ಎತ್ತಿ ಬೀಳಿಸುತ್ತಿದ್ದರು. 1835ರಲ್ಲಿ ಅಲ್ಲಿನ ಷೆನ್‌ಹಾಯ್ ಬಾವಿ 1,000 ಮೀಟರ್ ದಾಟಿತು. ಎಷ್ಟು ವರ್ಷಗಳ ತಾಳ್ಮೆ ಯೋಚಿಸಿ!

ಕವಲು ಕಡ್ಡಿ ಹಿಡಿದು ನೀರು ತೋರಿಸುವವರ ಬಗ್ಗೆಯೂ ಹೇಳಿಬಿಡುತ್ತೇನೆ. ನದಿ ಹರಡಿದ ಮರಳಿನ ಬಯಲಲ್ಲಿ ಹೆಚ್ಚುಕಮ್ಮಿ ಎಲ್ಲಿ ಕೊರೆದರೂ ನೀರು ಸಿಗುತ್ತದೆ. ಕಡ್ಡಿ ಎಲ್ಲಿ ಬಾಗಿದರೇನು?

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದು ನಂಬಿಕೆಯದು: ನೆಲದಡಿಯ ತಿಳಿನೀರು ಶುದ್ಧ ಅನ್ನುವುದು. ಕೆರೆಕುಂಟೆಗಳ ನೀರಿನಿಂದ ಬರುತ್ತಿದ್ದ ವಾಂತಿಭೇದಿ ತಪ್ಪಿಸಲೆಂದೇ ಬಾಂಗ್ಲಾದೇಶದವರು ಕೊಳವೆಬಾವಿಗೆ ಹೋದರು. 1993ರಲ್ಲಿ ಆ ನೀರಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಗೊತ್ತಾಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುದಿಸಿದರೂ ಅದು ಹೋಗದು. ಪರೀಕ್ಷೆ ಮಾಡಿಯೇ ತಿಳಿಯಬೇಕು. ಆಮೇಲೆ ಅಲ್ಲಿನ ಕೈಪಂಪುಗಳಿಗೆ ಬಣ್ಣ ಬಳಿದರು: ಕುಡಿಯಬಹುದಾದರೆ ಹಸಿರು, ಕೂಡದಿದ್ದರೆ ಕೆಂಪು. ಎಷ್ಟೋ ಕಡೆ ಕೆಂಪು ಪಂಪಿನಿಂದ ಕೆಲವೇ ಹೆಜ್ಜೆ ದೂರದಲ್ಲಿ ಹಸಿರು ಪಂಪು ಇತ್ತು.